ಎಚ್‌ಐವಿ ಮತ್ತು ಅಪ್ಪನಾಗುವ ಆಸೆ

ಅಡಿಲೇಡ್‌ನಲ್ಲಿ ನಡೆದ ನಮ್ಮ ಸಂಘದ ಸಮಾವೇಶದಲ್ಲಿ ಮಾಡಿದ ಪ್ರಧಾನ ಭಾಷಣದ ಪಠ್ಯ



ಪರ್ತ್‌ನಿಂದ, ಬ್ರಿಸ್ಬೇನ್‌ನಿಂದ ರಜೆ ಹಾಕಿ, ಕೈಯಿಂದ ವಿಮಾನದ ದುಡ್ಡು ಕೊಟ್ಟು ಬಂದಿದ್ದೀರಿ. ಅಡಿಲೇಡ್‌ನವರು ಬೆಳಿಗ್ಗೆ ಐದಕ್ಕೇ ಎದ್ದು ಇಷ್ಟು ಜನಕ್ಕೆ ಉಪ್ಪಿಟ್ಟು, ಕೇಸರಿಬಾತ್ ಮಾಡಿ ತಂದಿದ್ದೀರಿ. ಅದನ್ನು ತಿಂದಮೇಲೆ ಭಾಷಣ ಕೇಳುವುದು ಕಷ್ಟ ಎಂದು ನನಗೆ ಗೊತ್ತು. ಕಳೆದ ಎರಡು ಸಲ ಇದೇ ಸಂಘದಲ್ಲಿ ಸೂಪರ್‌ಆನ್ಯುಯೇಷನ್ ಬಗ್ಗೆ, ಊರಿನ ಮನೆಯ ಬಾಡಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ತೋರಿಸುವ ಬಗ್ಗೆ ಮಾತಾಡಿದ್ದೆ. ಅರ್ಧ ಸಭೆ ತೂಕಡಿಸಿತು. ಉಳಿದರ್ಧ ಊಟದ ಸಾಲಿನಲ್ಲಿ ನನ್ನನ್ನು ಹಿಡಿದು ತಮ್ಮ ರಿಟರ್ನ್ ವಿಷಯ ಕೇಳಿತು.

ಈ ಸಲ ವಿಷಯ ಬೇರೆ. ಎಚ್‌ಐವಿ ಇರುವ ಗಂಡಸರು ಅಪ್ಪನಾಗಲು ಬಯಸುವುದರ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಸಮಿತಿಯವರು ಮೂರು ಸಲ ಫೋನ್ ಮಾಡಿದರು. "ಕುಟುಂಬಗಳು ಬರ್ತಾವೆ ಸರ್, ಮಕ್ಕಳೂ ಇರ್ತಾರೆ" ಎಂದರು. ನಾನು ಹೇಳಬೇಕೆಂದಿರುವುದು ಕುಟುಂಬದ, ಮಕ್ಕಳ ವಿಷಯವೇ ಎಂದೆ. ಕೊನೆಗೆ ಒಪ್ಪಿದರು. ಅದಕ್ಕೆ ಅವರಿಗೆ ಕೃತಜ್ಞತೆ.

ನಾನು ವೈದ್ಯನಲ್ಲ, ಲೆಕ್ಕಪರಿಶೋಧಕ. ಇಂಥ ವಿಷಯಕ್ಕೂ ಸಿ.ಎ.ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಒಂದು ಬಸ್ ಟಿಕೆಟ್.

2005ರ ಬೇಸಿಗೆ. ನಾನು ಹುಬ್ಬಳ್ಳಿಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದೆ. ಬಾಗಲಕೋಟೆ ಜಿಲ್ಲೆಯಲ್ಲಿ ಎಚ್‌ಐವಿ ಇರುವವರ ಆರೈಕೆ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆಯ ಆಡಿಟ್‌ಗೆ ನನ್ನನ್ನು ಕಳಿಸಿದರು. ಆ ಕಾಲದಲ್ಲಿ ಬಾಗಲಕೋಟೆ, ಬೆಳಗಾವಿ ಕಡೆಯ ಸೀಮೆ ಎಚ್‌ಐವಿ ವಿಷಯದಲ್ಲಿ ದೇಶದಲ್ಲೇ ಹೆಸರು ಕೆಡಿಸಿಕೊಂಡಿತ್ತು. ಸರ್ಕಾರದ ಉಚಿತ ಎ.ಆರ್.ಟಿ. ಔಷಧ ಶುರುವಾದದ್ದು 2004ರ ಏಪ್ರಿಲ್ 1ರಂದು, ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯ ಕೆಲವೇ ಆಸ್ಪತ್ರೆಗಳಲ್ಲಿ. ಆರರಲ್ಲಿ ಕರ್ನಾಟಕವೂ ಒಂದು. ಇಂದು ಜಿಲ್ಲೆ ಜಿಲ್ಲೆಗೂ ಕೇಂದ್ರಗಳಿವೆ. ಅಂದು ಮಾತ್ರೆಗಾಗಿ ರಾತ್ರಿ ಬಸ್ ಹತ್ತಬೇಕಿತ್ತು. ಆ ಬಸ್ ಚಾರ್ಜನ್ನು ಸಂಸ್ಥೆ ಕೊಡುತ್ತಿತ್ತು. ವೋಚರ್‌ಗಳ ಕಟ್ಟು ನನ್ನ ಮುಂದಿತ್ತು.

ಒಂದು ವೋಚರ್‌ನಲ್ಲಿ ರೋಗಿ ಒಬ್ಬ, ಟಿಕೆಟ್ ಎರಡು. ಪ್ರತಿ ತಿಂಗಳೂ ಹಾಗೆಯೇ. ಹೊಸದಾಗಿ ಆಡಿಟ್ ಕಲಿಯುವ ಹುಡುಗನಿಗೆ ಇಂಥದ್ದು ಸಿಕ್ಕರೆ ಹಬ್ಬ. ವಿಚಾರಿಸಿದೆ. ಅಂದು ಆ ಮನುಷ್ಯ ಮಾತ್ರೆ ಒಯ್ಯಲು ಅಲ್ಲಿಗೇ ಬಂದಿದ್ದ. ಕರೆದು ಕೂರಿಸಿದರು. ಮೂವತ್ತರ ಆಸುಪಾಸು, ಲಾರಿ ಡ್ರೈವರ್.

"ಇನ್ನೊಂದು ಟಿಕೆಟ್ ಯಾರದು?" ಎಂದೆ.

"ನನ್ನ ಹೇಣತೀದ್ರೀ ಸರ. ಆಕಿಗೇನೂ ಇಲ್ರಿ, ಟೆಸ್ಟ್ ಚಲೋ ಬಂದೈತಿ. ಆಕಿ ಜೋಡಿ ಇರಲಿಲ್ಲಂದ್ರ ಡಾಕ್ಟರ್ ಮುಂದ ಆ ಮಾತ ಕೇಳಾಕ ನನಗ ಧೈರ್ಯ ಆಗಂಗಿಲ್ರಿ."

"ಯಾವ ಮಾತು?"

"ನಮಗೊಂದ ಕೂಸ ಆಗತೈತೇನು ಅಂತ್ರೀ."

ಕೇಳಿದಾಗಲೆಲ್ಲ ಬೈಸಿಕೊಂಡು ಬಂದಿದ್ದರಂತೆ. ಯಾವ ಊರಲ್ಲಿ, ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ. ನಾನು ಮಾಡಿದ್ದು ಇಷ್ಟೇ: ನಿಯಮದಲ್ಲಿ 'ರೋಗಿಯ ಪ್ರಯಾಣ ವೆಚ್ಚ' ಎಂದಿತ್ತು, ಹೆಂಡತಿ ರೋಗಿಯಲ್ಲ, ಆದ್ದರಿಂದ ಎರಡನೇ ಟಿಕೆಟ್ಟಿನ ಹಣ ಒಪ್ಪಲಾಗದು ಎಂದು ಕೆಂಪು ಶಾಯಿಯಲ್ಲಿ ಬರೆದೆ. ನನ್ನ ಪ್ರಿನ್ಸಿಪಾಲರು ಅದನ್ನು ಮೆಚ್ಚಿಕೊಂಡರು. ಇಪ್ಪತ್ತು ವರ್ಷವಾಯಿತು, ಎಷ್ಟೋ ಕಂಪನಿಗಳ ಲೆಕ್ಕ ನೋಡಿದ್ದೇನೆ, ಎಲ್ಲ ಮರೆತಿದೆ. ಆ ಟಿಕೆಟ್ ಮರೆತಿಲ್ಲ.

ಆ ಕಾಲದ ವೈದ್ಯರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕಾನೂನೂ ಹಾಗೆಯೇ ಇತ್ತು. 1998ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಹೆಸರು 'ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝಡ್'. ವೈದ್ಯನೊಬ್ಬನಿಗೆ ಎಚ್‌ಐವಿ ಇರುವುದು ಆಸ್ಪತ್ರೆಯಿಂದ ಹೊರಗೆ ಗೊತ್ತಾಗಿ, ನಿಶ್ಚಯವಾಗಿದ್ದ ಮದುವೆ ಮುರಿದು, ಅವನು ಊರೇ ಬಿಡಬೇಕಾಯಿತು. ಪರಿಹಾರ ಕೇಳಲು ಹೋದವನಿಗೆ ಕೋರ್ಟ್, ಇಂಥವರ ಮದುವೆಯಾಗುವ ಹಕ್ಕು ಅಮಾನತಿನಲ್ಲಿರುತ್ತದೆ ಎಂಬ ಅರ್ಥದ ಮಾತು ಹೇಳಿತು. 2002ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ, ಆ ಮಾತು ಆ ಪ್ರಕರಣಕ್ಕೆ ಬೇಕಿರಲಿಲ್ಲ ಎಂದು ಬದಿಗಿಟ್ಟಿತು. ನಡುವಿನ ನಾಲ್ಕು ವರ್ಷ ಮದುವೆಯ ಹಕ್ಕೇ ತೂಗಾಡುತ್ತಿತ್ತು, ಇನ್ನು ಮಗುವಿನ ಮಾತೆಲ್ಲಿ? ಈಗ 2017ರ ಎಚ್‌ಐವಿ ಕಾಯ್ದೆ ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಬಿಡುವಂತಿಲ್ಲ, ಕೆಲಸದಲ್ಲೋ ಆಸ್ಪತ್ರೆಯಲ್ಲೋ ಭೇದ ಮಾಡುವಂತಿಲ್ಲ.

ವಿಜ್ಞಾನ ಎಲ್ಲಿಗೆ ಬಂದಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ ಶಾಲೆಯ ಗೋಡೆಯ ಮೇಲಿದ್ದ ಏಡ್ಸ್ ಪೋಸ್ಟರ್‌ಗೆ ನಿಂತಿದೆ. ಇಲ್ಲಿ ಹುಟ್ಟಿ ಬೆಳೆದ ನಿಮ್ಮ ಸಹೋದ್ಯೋಗಿಗಳದ್ದೂ ಅಷ್ಟೆ. 1987ರಲ್ಲಿ ಟಿವಿಯಲ್ಲಿ ಬಂದ 'ಗ್ರಿಮ್ ರೀಪರ್' ಜಾಹೀರಾತು, ಸಾವು ಎಂಬುದು ಬೌಲಿಂಗ್ ಚೆಂಡು ಉರುಳಿಸಿ ಹೆಂಗಸರು ಮಕ್ಕಳನ್ನು ಕೆಡವುವ ಆ ದೃಶ್ಯ, ಇವತ್ತಿಗೂ ಅವರ ತಲೆಯಲ್ಲಿದೆ.

ಮೊದಲ ಸಂಗತಿ. ಎಚ್‌ಐವಿ ಇರುವ ಅಪ್ಪನಿಂದ ಮಗುವಿಗೆ ಸೋಂಕು ನೇರವಾಗಿ ಹೋಗುವುದಿಲ್ಲ. ಹೋದರೆ ತಾಯಿಯ ಮೂಲಕವೇ ಹೋಗಬೇಕು. ತಾಯಿಗೆ ಸೋಂಕು ತಗುಲದಿದ್ದರೆ ಮಗುವಿಗೂ ಇಲ್ಲ. ಹೆರಿಗೆಯಲ್ಲೂ ಇಲ್ಲ, ಎದೆಹಾಲಿನಲ್ಲೂ ಇಲ್ಲ, ಅಪ್ಪ ಮುದ್ದಾಡಿದರೆ ಅದರಲ್ಲೂ ಇಲ್ಲ. ಹಾಗಾಗಿ ಪ್ರಶ್ನೆ ಉಳಿಯುವುದು ಒಂದೇ: ಹೆಂಡತಿಗೆ ತಗುಲದಂತೆ ಗರ್ಭ ನಿಲ್ಲುವುದು ಹೇಗೆ?

ಹಿಂದೆ ಇದಕ್ಕೆ ದಾರಿ ಪ್ರಯೋಗಾಲಯದಲ್ಲಿತ್ತು. 1992ರಲ್ಲಿ ಇಟಲಿಯ ಮಿಲಾನ್‌ನ ವೈದ್ಯ ಸೆಂಪ್ರಿನಿ ವೀರ್ಯ ತೊಳೆಯುವ ವಿಧಾನದ ಫಲಿತಾಂಶ ಪ್ರಕಟಿಸಿದರು. ವೈರಸ್ ಇರುವುದು ವೀರ್ಯದ ದ್ರವದಲ್ಲಿ ಮತ್ತು ಅದರ ಜೊತೆಗಿರುವ ಬೇರೆ ಕೋಶಗಳಲ್ಲಿ. ವೀರ್ಯಾಣುವನ್ನು ಅದರಿಂದ ಬೇರ್ಪಡಿಸಿ, ತೊಳೆದು, ಪರೀಕ್ಷಿಸಿ ಗರ್ಭಕೋಶಕ್ಕೆ ಸೇರಿಸಬಹುದು ಎಂಬುದು ಅದರ ತಿರುಳು. ಕೆಲಸ ಮಾಡುತ್ತಿತ್ತು, ಆದರೆ ದುಬಾರಿ. ಬಾಗಲಕೋಟೆಯ ಲಾರಿ ಡ್ರೈವರ್‌ಗೆ ಅದು ಇದ್ದರೂ ಇಲ್ಲದಂತೆ.

ಆಮೇಲೆ ಔಷಧವೇ ದಾರಿ ತೆರೆಯಿತು. ದಿನಾ ಮಾತ್ರೆ ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ಸಿನ ಪ್ರಮಾಣ, ಅಂದರೆ ವೈರಲ್ ಲೋಡ್, ಇಳಿಯುತ್ತಾ ಬಂದು ಪರೀಕ್ಷೆಗೆ ಸಿಗದ ಮಟ್ಟ ಮುಟ್ಟುತ್ತದೆ. ಆ ಮಟ್ಟದಲ್ಲಿರುವವರಿಂದ ಸಂಗಾತಿಗೆ ಹರಡುವುದಿಲ್ಲ ಎಂದು ಸ್ವಿಟ್ಜರ್‌ಲೆಂಡಿನ ವೈದ್ಯರು 2008ರ ಜನವರಿಯಲ್ಲೇ ಹೇಳಿದಾಗ ಜಗತ್ತೆಲ್ಲ ಅವರ ಮೇಲೆ ಬಿದ್ದಿತು. 2011ರಲ್ಲಿ ಎಚ್‌ಪಿಟಿಎನ್ 052 ಎಂಬ ಅಧ್ಯಯನ ಬಂತು. ಒಂಬತ್ತು ದೇಶ, 1,763 ಜೋಡಿಗಳು. ಅದರಲ್ಲಿ ನಮ್ಮ ಚೆನ್ನೈ, ಪುಣೆಯವರೂ ಇದ್ದರು. ಬೇಗ ಔಷಧ ಶುರು ಮಾಡಿದವರಿಂದ ಸಂಗಾತಿಗೆ ಹರಡುವುದು ಶೇ. 96ರಷ್ಟು ಕಡಿಮೆಯಾಗಿತ್ತು.

ನನಗೆ ಲೆಕ್ಕಿಗನಾಗಿ ಹಿಡಿಸಿದ್ದು 2016ರ ಪಾರ್ಟ್‌ನರ್ ಅಧ್ಯಯನ. ಯುರೋಪಿನ 888 ಜೋಡಿಗಳು, ಒಬ್ಬರಿಗೆ ಎಚ್‌ಐವಿ ಇದೆ, ಇನ್ನೊಬ್ಬರಿಗಿಲ್ಲ. ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದ್ದರು. ಹನ್ನೊಂದು ಜನರಿಗೆ ಹೊಸದಾಗಿ ಸೋಂಕು ತಗುಲಿತ್ತು. ಇಲ್ಲಿಗೆ ನಿಲ್ಲಿಸಿದರೆ ಹೆದರಿಕೆಯಾಗುತ್ತದೆ, ಅಲ್ಲವೇ? ಆದರೆ ಬ್ಯಾಂಕ್ ಲೆಕ್ಕ ತಾಳೆ ನೋಡುವ ಹಾಗೆ ಅವರು ಪ್ರತಿ ವೈರಸ್ಸಿನ ವಂಶವನ್ನು ತಾಳೆ ನೋಡಿದರು. ಹನ್ನೊಂದರಲ್ಲಿ ಒಂದೂ ಸಂಗಾತಿಯ ವೈರಸ್ ಅಲ್ಲ. ಎಲ್ಲವೂ ಹೊರಗಿನಿಂದ ಬಂದದ್ದು. ಸಂಗಾತಿಯಿಂದ ಬಂದದ್ದು ಸೊನ್ನೆ. ಸಿಡ್ನಿಯ ಕರ್ಬಿ ಇನ್‌ಸ್ಟಿಟ್ಯೂಟ್ ಮುಂದೆ ನಿಂತು ನಡೆಸಿದ 'ಆಪೊಸಿಟ್ಸ್ ಅಟ್ರಾಕ್ಟ್' ಅಧ್ಯಯನದಲ್ಲಿ ಆಸ್ಟ್ರೇಲಿಯಾ, ಥಾಯ್ಲೆಂಡ್, ಬ್ರೆಜಿಲ್‌ನ ಗಂಡು ಜೋಡಿಗಳಿದ್ದರು. ಅಲ್ಲೂ ಸೊನ್ನೆ. ಲೆಕ್ಕದಲ್ಲಿ ಸೊನ್ನೆ ನೋಡಿ ನಾನು ಇಷ್ಟು ಸಂತೋಷಪಟ್ಟದ್ದು ಬೇರೆ ಕಡೆ ಇಲ್ಲ. ಇದನ್ನೇ 'ಯು ಈಕ್ವಲ್ಸ್ ಯು' ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ, ಪತ್ತೆಯಾಗದಿದ್ದರೆ ಹರಡದು.

ಅಂದರೆ ವೈದ್ಯರ ಕಡೆಯಿಂದ ಬಾಗಿಲು ತೆರೆದು ವರ್ಷಗಳೇ ಆದವು. ಹಾಗಿದ್ದೂ ನಮ್ಮವರು ಏಕೆ ಹೊಸ್ತಿಲಲ್ಲೇ ನಿಂತಿದ್ದಾರೆ?

ಈಗ ಹೇಳುವುದು ಮೂವರು ಗಂಡಸರ ವಿಷಯ. ಒಬ್ಬರು ಪರ್ತ್, ಒಬ್ಬರು ಬ್ರಿಸ್ಬೇನ್, ಒಬ್ಬರು ಇದೇ ಅಡಿಲೇಡ್. ಮೂವರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ಕೆಲಸ, ವಯಸ್ಸು, ಊರು ಅದಲುಬದಲು ಮಾಡಿದ್ದೇನೆ. ಯಾರಿರಬಹುದು ಎಂದು ಪಕ್ಕದವರನ್ನು ನೋಡಬೇಡಿ. ಅವರಲ್ಲಿ ಯಾರೂ ಈ ಸಂಘದವರಲ್ಲ.

ಪರ್ತ್‌ನವರು ಗಣಿ ಕೆಲಸದವರು. ಎರಡು ವಾರ ಪಿಲ್ಬಾರಾದ ನ್ಯೂಮನ್‌ನಲ್ಲಿ, ಒಂದು ವಾರ ಮನೆಯಲ್ಲಿ. ಕಾಯಂ ವೀಸಾದ ಮೆಡಿಕಲ್‌ನಲ್ಲಿ ಎಚ್‌ಐವಿ ಇರುವುದು ಗೊತ್ತಾಯಿತು. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗುವುದೇ ಹಾಗೆ, ಏಕೆಂದರೆ ತಾತ್ಕಾಲಿಕ ವೀಸಾಗೆ ಸಾಮಾನ್ಯವಾಗಿ ಆ ಪರೀಕ್ಷೆ ಇರುವುದಿಲ್ಲ. ಎಲ್ಲಿಂದ ಬಂತು ಎಂದು ನಾನು ಕೇಳಿಲ್ಲ, ನೀವೂ ಯಾರನ್ನೂ ಕೇಳಬೇಡಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಗ್ನೇಯ ಏಷ್ಯಾಕ್ಕೆ ರಜೆಗೆ ಹೋಗಿ ಬರುವ ಗಂಡಸರಲ್ಲಿ ಸೋಂಕು ಕಾಣುತ್ತಿರುವುದನ್ನು ಅಲ್ಲಿನ ಆರೋಗ್ಯ ಇಲಾಖೆ ಬಹಳ ವರ್ಷಗಳಿಂದ ಹೇಳುತ್ತಿದೆ. ಅದರಲ್ಲಿ ಬಿಳಿಯರೂ ಇದ್ದಾರೆ. ಇದು ಯಾವ ಜಾತಿಯ, ಯಾವ ದೇಶದ ರೋಗವೂ ಅಲ್ಲ.

ಅವರು ನನ್ನ ಬಳಿ ಬಂದದ್ದು ತೆರಿಗೆಯ ನೆಪದಲ್ಲಿ. ಔಷಧದ ಬಿಲ್ಲನ್ನು ರಿಟರ್ನ್‌ನಲ್ಲಿ ತೋರಿಸಬಹುದೇ ಎಂದರು. ಆ ರಿಯಾಯಿತಿ 2019ಕ್ಕೇ ಮುಗಿದಿದೆ ಎಂದೆ. ಸುಮ್ಮನೆ ಕುಳಿತರು. ಆಮೇಲೆ, "ಸರ್, ಒಂದು ಪರ್ಸನಲ್. ನಾವು ಮಗು ಮಾಡ್ಕೊಂಡ್ರೆ ಪಿಆರ್‌ಗೆ ಏಟು ಬೀಳುತ್ತಾ?" ಎಂದರು. ಹೆಂಡತಿಗೆ ಮೂವತ್ತೇಳು. "ಪಿಆರ್ ಬರಲಿ, ಆಮೇಲೆ ನೋಡೋಣ ಅಂತ ನಾಲ್ಕು ವರ್ಷ ಆಯ್ತು" ಎಂದರು. ಪಿಆರ್ ಬಂದ ಮೇಲೆ ಮಗು ಎಂಬ ಮಾತು ಈ ಸಭೆಯಲ್ಲಿ ಯಾರ ಮನೆಯಲ್ಲಿ ಕೇಳಿಲ್ಲ? ನಾವೆಲ್ಲ ಹೇಳಿದ್ದೇವೆ. ಅವರ ಮನೆಯಲ್ಲಿ ಆ ಮಾತಿನ ಅಡಿಯಲ್ಲಿ ಇನ್ನೊಂದು ಮಾತಿತ್ತು, ಅಷ್ಟೆ.

ಈ ವೀಸಾ ಲೆಕ್ಕ ನನ್ನ ಹೊಲ, ಅದನ್ನು ಉಳುತ್ತೇನೆ. ಕಾಯಂ ವೀಸಾ ಕೇಳುವ 15 ವರ್ಷ ದಾಟಿದ ಎಲ್ಲರಿಗೂ ಎಚ್‌ಐವಿ ಪರೀಕ್ಷೆ ಇದೆ. ಆದರೆ ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ವೀಸಾ ನಿರಾಕರಿಸುವುದಿಲ್ಲ. ನಿರಾಕರಿಸುವುದು ಖರ್ಚಿನ ಮೇಲೆ: ನಿಮ್ಮ ಚಿಕಿತ್ಸೆಗೆ ಸರ್ಕಾರಕ್ಕೆ ಇಷ್ಟಕ್ಕಿಂತ ಹೆಚ್ಚು ಬೀಳುತ್ತದೆ ಎಂದಾದರೆ. ಆ 'ಇಷ್ಟು' 2019ರವರೆಗೆ 40,000 ಡಾಲರ್ ಇತ್ತು, ಅದೂ ಕಾಯಂ ವೀಸಾಗೆ ಇಡೀ ಆಯುಷ್ಯದ ಖರ್ಚು ಕೂಡಿಸಿ. ಮೂವತ್ತರ ಗಂಡಸಿನ ಆಯುಷ್ಯದ ಮಾತ್ರೆ ಖರ್ಚು ಕೂಡಿಸಿದರೆ ಯಾರು ಪಾಸಾಗುತ್ತಾರೆ? 2019ರಲ್ಲಿ ಮಿತಿಯನ್ನು 49,000ಕ್ಕೆ ಏರಿಸಿ, ಲೆಕ್ಕವನ್ನು ಗರಿಷ್ಠ 10 ವರ್ಷಕ್ಕೆ ಇಳಿಸಿದರು. 2024ರ ಜುಲೈ 1ರಿಂದ ಮಿತಿ 86,000 ಡಾಲರ್. ಹತ್ತರಿಂದ ಭಾಗಿಸಿದರೆ ವರ್ಷಕ್ಕೆ 8,600. ನಿಮ್ಮ ಮಾತ್ರೆ ಯಾವುದು, ಅದರ ಜೆನೆರಿಕ್ ಬಂದಿದೆಯೇ ಎಂಬುದರ ಮೇಲೆ ಗೆರೆಯ ಆಚೆಯೋ ಈಚೆಯೋ ಎಂದು ತೀರ್ಮಾನವಾಗುತ್ತದೆ. (ಒಂದು ಮಾತು ಸೇರಿಸದೆ ಇರಲಾರೆ. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ ಮೂರು ಔಷಧಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದಿತು. ಅಮೆರಿಕದಲ್ಲಿ ಆಗ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿತ್ತು. ಮಾತ್ರೆಯ ಬೆಲೆ ಮತ್ತು ಮಾತ್ರೆಯ ಖರ್ಚು ಬೇರೆ ಬೇರೆ ಎಂಬುದಕ್ಕೆ ಕಾಸ್ಟ್ ಅಕೌಂಟಿಂಗ್ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.)

ಮಿತಿ ದಾಟಿದರೂ ಕೆಲವು ವೀಸಾಗಳಲ್ಲಿ ವಿನಾಯಿತಿ ಕೇಳುವ ಅವಕಾಶ ಇದೆ. ಪಾರ್ಟ್‌ನರ್ ವೀಸಾದಲ್ಲಿ ಇದೆ, ಉದ್ಯೋಗದಾತರು ಸೂಚಿಸುವ ಕೆಲವು ವೀಸಾಗಳಲ್ಲಿ ಇದೆ. ಅಂಕಗಳ ಮೇಲೆ ಸಿಗುವ 189, 190ರಲ್ಲಿ ಇಲ್ಲ. ಮನೆಯಲ್ಲಿ ಒಬ್ಬರು ಫೇಲಾದರೆ ಎಲ್ಲರೂ ಫೇಲು ಎಂಬ ನಿಯಮವೂ ಇದೆ. ಆದ್ದರಿಂದ ಯಾವ ವೀಸಾ ಎಂದು ನಿರ್ಧರಿಸುವ ಮುಂಚೆಯೇ ಎಚ್‌ಐವಿ ವಿಷಯ ತಿಳಿದ ವಕೀಲರನ್ನು ಕಾಣಿ. ಸಿಡ್ನಿಯ ಎಚ್‌ಐವಿ/ಏಡ್ಸ್ ಲೀಗಲ್ ಸೆಂಟರ್ ಇದೇ ಕೆಲಸದ್ದು. ನಾವು ಸಾಮಾನ್ಯವಾಗಿ ಹೋಗುವುದು ಸ್ನೇಹಿತನ ಸ್ನೇಹಿತನಾದ ಏಜೆಂಟನ ಬಳಿ. ಅವನಿಗೆ ಅರ್ಧ ಸತ್ಯ ಹೇಳಿ ಪೂರ್ತಿ ಫೀಸು ಕೊಟ್ಟು ಬರುತ್ತೇವೆ.

ಈಗ ಅವರ ಪ್ರಶ್ನೆಗೆ ಉತ್ತರ. ಮಗು ಹುಟ್ಟಿದರೆ ಅಪ್ಪನ ಎಚ್‌ಐವಿ ಖರ್ಚಿನ ಲೆಕ್ಕ ಒಂದು ಸೆಂಟೂ ಏರುವುದಿಲ್ಲ. ಸೋಂಕಿಲ್ಲದ ತಾಯಿ, ಸೋಂಕಿಲ್ಲದ ಮಗು. ಅರ್ಜಿಯ ನಡುವೆ ಗರ್ಭ ನಿಂತರೆ ತಾಯಿಯ ಎದೆಯ ಎಕ್ಸ್‌ರೇಯನ್ನು ಹೆರಿಗೆಯವರೆಗೆ ಮುಂದೂಡಬಹುದು. ಅರ್ಜಿ ತೀರ್ಮಾನವಾಗುವ ಮುಂಚೆ ಮಗು ಹುಟ್ಟಿದರೆ ಇಲಾಖೆಗೆ ತಿಳಿಸಿ ಅರ್ಜಿಗೆ ಸೇರಿಸಬೇಕು. ಸ್ವಲ್ಪ ತಡವಾಗುತ್ತದೆ. ಅಷ್ಟೆ.

ಇದನ್ನೆಲ್ಲ ನಾನು ಆ ದಿನ ಹೇಳಿದೆನೇ? ಇಲ್ಲ. ಆ ದಿನ ನನಗೇ ಗೊತ್ತಿರಲಿಲ್ಲ. "ಯೋಚನೆ ಮಾಡಿ, ಅವಸರ ಬೇಡ" ಎಂದೆ. ಬಾಗಲಕೋಟೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಪರ್ತ್‌ನವರಿಗೆ ಬಾಯಲ್ಲಿ ಹೇಳಿದ ಹಾಗಾಯಿತು. ಆ ರಾತ್ರಿ ಕುಳಿತು ಓದಲು ಶುರು ಮಾಡಿದೆ. ಇವತ್ತಿನ ಭಾಷಣ ಆ ಓದಿನದು. ಹತ್ತು ದಿನ ಬಿಟ್ಟು ಫೋನ್ ಮಾಡಿ ತಪ್ಪು ತಿದ್ದಿಕೊಂಡೆ.

ಬ್ರಿಸ್ಬೇನ್‌ನವರದ್ದು ಔಷಧದಂಗಡಿಯ ಕಷ್ಟ. ಮನೆ ಹತ್ತಿರದ ಫಾರ್ಮಸಿಯಲ್ಲಿ ನಮ್ಮ ಕಡೆಯ ಹುಡುಗಿ ಕೆಲಸಕ್ಕಿದ್ದಾಳೆ ಎಂದು ಊರಿನ ಆ ತುದಿಗೆ ಕಾರು ಓಡಿಸುತ್ತಾರೆ. ಮನೆಗೆ ತಂದು ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿಯುತ್ತಾರೆ. ಒಮ್ಮೆ ಅವರ ಅತ್ತೆ ಊರಿನಿಂದ ಬಂದವರು, ಅಳಿಯ ತಿನ್ನುವ ವಿಟಮಿನ್ ನಾನೂ ತಿನ್ನುತ್ತೇನೆ ಎಂದು ಕೈ ಹಾಕಿದರಂತೆ. ಅವರು ನಗುತ್ತಾ ಹೇಳಿದರು, ನಾನೂ ನಕ್ಕೆ. ನಕ್ಕಾದ ಮೇಲೆ ಇಬ್ಬರಿಗೂ ಮಾತು ಬರಲಿಲ್ಲ.

ಆ ಮನೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಅವರ ಹೆಂಡತಿಯ ಮಾತು. ಮದುವೆಗೆ ಮುಂಚೆಯೇ ಆಕೆಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೇ ಒಪ್ಪಿದ್ದರು. ಒಂಬತ್ತು ವರ್ಷದಿಂದ ನಮ್ಮ ಯುಗಾದಿ, ರಾಜ್ಯೋತ್ಸವಗಳಿಗೆ ಹೋಗುತ್ತಿದ್ದಾರೆ. ಪ್ರತಿ ಸಲ ಹೆಂಗಸರ ಗುಂಪಿನಲ್ಲಿ ಯಾರಾದರೂ, "ಏನಮ್ಮಾ, ವಿಶೇಷ ಏನೂ ಇಲ್ವಾ?" ಎನ್ನುತ್ತಾರೆ. ಮೊದಮೊದಲು ಸುಮ್ಮನಿದ್ದರು. ಆಮೇಲೆ, "ನನಗೇ ತೊಂದರೆ ಇದೆ ಆಂಟಿ, ಟ್ರೀಟ್‌ಮೆಂಟ್ ನಡೀತಿದೆ" ಎಂದು ಹೇಳಲು ಶುರು ಮಾಡಿದರು. ಗಂಡನ ಗುಟ್ಟು ಕಾಯಲು ಬಂಜೆಯ ಹೆಸರನ್ನು ತಾವೇ ಹೊತ್ತುಕೊಂಡರು. ಅದರ ಮೇಲೆ ನಮ್ಮವರು ಕೊಟ್ಟ ಸಲಹೆಗಳು! ನಾಗರ ಪ್ರತಿಷ್ಠೆ ಮಾಡಿಸಿ, ಕುಕ್ಕೆಗೆ ಹೋಗಿ ಬನ್ನಿ, ಇಂಥ ಕಷಾಯ ಕುಡಿಯಿರಿ. ಒಬ್ಬರ ಸೀಮಂತದಲ್ಲಂತೂ ಆಕೆಯನ್ನು ಆರತಿಗೆ ಕರೆಯಲಿಲ್ಲ. ಅಂದಿನಿಂದ ಆಕೆ ಸಂಘಕ್ಕೆ ಬಂದಿಲ್ಲ. ಸಂಘದ ಹೆಸರು ಹೇಳುವುದಿಲ್ಲ.

ಹೆಂಡತಿಗೆ ತಿಳಿಯದಂತೆ ಅಪ್ಪನಾಗುವ ದಾರಿಯನ್ನು ಯಾರಾದರೂ ಕೇಳಿದರೆ ನನ್ನ ಬಳಿ ಅದಿಲ್ಲ. ಅದನ್ನು ಸುರಕ್ಷಿತ ಎಂದು ಯಾರೂ ಕರೆಯಲಾರರು. ಗರ್ಭ ಹೊರುವವಳು ಅವಳು, ದಿನ ಲೆಕ್ಕ ಹಾಕಬೇಕಾದವಳು ಅವಳು, ಪರೀಕ್ಷೆಗೆ ರಕ್ತ ಕೊಡುವವಳೂ ಅವಳು. ಹೇಳಲು ಧೈರ್ಯವಿಲ್ಲದಿದ್ದರೆ ಕ್ಲಿನಿಕ್‌ನ ಆಪ್ತಸಲಹೆಗಾರರ ಮುಂದೆ, ಅವರ ಜೊತೆಯಲ್ಲಿ ಹೇಳಬಹುದು. ಅಡಿಲೇಡ್‌ನವರು ಹಾಗೆಯೇ ಹೇಳಿದ್ದು.

ಅವರು ವಿದ್ಯಾರ್ಥಿಯಾಗಿ ಬಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿರುವವರು. ಮೆಡಿಕೇರ್ ಇಲ್ಲ. ಮೆಡಿಕೇರ್ ಇಲ್ಲದವರಿಗೆ ಔಷಧ ಎಲ್ಲಿಂದ ಎಂಬುದು ಇಲ್ಲಿ ಬಹಳ ಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. 2011ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ 180 ತಾತ್ಕಾಲಿಕ ನಿವಾಸಿಗಳಿಗೆ ಕಂಪನಿಗಳು ದಾನ ಕೊಟ್ಟ ಮಾತ್ರೆ ಹಂಚಿ, ಕೊಟ್ಟರೆ ದೇಶಕ್ಕೇ ಉಳಿತಾಯ ಎಂದು ತೋರಿಸಿದರು. ಈಗ 2023ರಿಂದ ಕೇಂದ್ರ ಸರ್ಕಾರದ ಹಣದಲ್ಲೇ ವ್ಯವಸ್ಥೆ ಇದೆ. ಹಾಗಾಗಿ 'ಮೆಡಿಕೇರ್ ಬರಲಿ, ಆಮೇಲೆ ಡಾಕ್ಟರ್' ಎಂದು ಯಾರೂ ಕಾಯಬೇಕಿಲ್ಲ. ಮೆಡಿಕೇರ್ ಇರುವವರಿಗೆ ಪಿಬಿಎಸ್‌ನಲ್ಲಿ ಒಂದು ಚೀಟಿಗೆ 31.60 ಡಾಲರ್ ಇದ್ದದ್ದು 2026ರ ಜನವರಿ 1ರಿಂದ ಗರಿಷ್ಠ 25 ಡಾಲರ್ ಆಗಿದೆ.

ಇನ್ನು ನಡೆಯುವ ಕ್ರಮ ಹೇಳಿಬಿಡುತ್ತೇನೆ, ನಿಮ್ಮ ವೈದ್ಯರು ಇದನ್ನೇ ನಿಮಗೆ ಹೊಂದಿಸಿ ಹೇಳುತ್ತಾರೆ. ಗಂಡ ದಿನಾ ಮಾತ್ರೆ ತೆಗೆದುಕೊಂಡು, ವೈರಲ್ ಲೋಡ್ ಒಂದು ಮಿಲಿಲೀಟರ್ ರಕ್ತದಲ್ಲಿ 200 ಪ್ರತಿಗಳಿಗಿಂತ ಕೆಳಗೆ ಬಂದು, ಆರು ತಿಂಗಳು ಹಾಗೇ ನಿಂತಿರಬೇಕು. ಇಬ್ಬರಿಗೂ ಬೇರೆ ಲೈಂಗಿಕ ಸೋಂಕುಗಳ ಪರೀಕ್ಷೆ. ಆಮೇಲೆ ಎಲ್ಲ ದಂಪತಿಗಳ ಹಾಗೆಯೇ, ಅಂಡಾಣು ಬಿಡುಗಡೆಯಾಗುವ ದಿನ ನೋಡಿಕೊಂಡು ಕೂಡುವುದು. ಹೆಂಡತಿಗೆ ಇನ್ನೂ ಅಳುಕಿದ್ದರೆ, ಅಥವಾ ಗಂಡನ ಲೋಡ್ ಇನ್ನೂ ಸ್ಥಿರವಾಗಿಲ್ಲದಿದ್ದರೆ, ಸೋಂಕು ತಡೆಯುವ ಪ್ರೆಪ್ ಮಾತ್ರೆಯನ್ನು ಆಕೆ ತೆಗೆದುಕೊಳ್ಳಬಹುದು. ಅದು 2018ರ ಏಪ್ರಿಲ್ 1ರಿಂದ ಪಿಬಿಎಸ್‌ನಲ್ಲಿದೆ. ವರ್ಷವಾದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರನ್ನೂ ತಪಾಸಣೆ ಮಾಡಬೇಕು. ವೀರ್ಯ ಪರೀಕ್ಷೆ ಎಂದರೆ ನಮ್ಮ ಗಂಡಸರು ಓಡುತ್ತಾರೆ. ಹೆಂಡತಿ ಹತ್ತು ಪರೀಕ್ಷೆ ಮಾಡಿಸಿಕೊಂಡ ಮೇಲೆ ಇವರು ಒಂದಕ್ಕೆ ಒಪ್ಪುತ್ತಾರೆ. ಇದು ಎಚ್‌ಐವಿ ಇಲ್ಲದವರಿಗೂ ಹೇಳುತ್ತಿರುವ ಮಾತು.

ಕೇಳಲು ಸುಲಭ, ಆದರೆ ಪರ್ತ್‌ನ ಆ ದಂಪತಿಯ ಪಾಡು ಕೇಳಿ. ಫೋನಿನ ಆ್ಯಪ್ ಹೇಳುವ ನಾಲ್ಕು ದಿನ ಬಂದಾಗಲೆಲ್ಲ ಗಂಡ ನ್ಯೂಮನ್‌ನ ಕ್ಯಾಂಪಿನಲ್ಲಿ. ಐದು ತಿಂಗಳು ಹಾಗೇ ಹೋಯಿತು. ಕೊನೆಗೆ ಸೂಪರ್‌ವೈಸರ್ ಬಳಿ ರೋಸ್ಟರ್ ಬದಲಿಸಲು ಕೇಳಬೇಕಾಯಿತು. ಕಾರಣ ಏನೆಂದು ಬರೆಯಲಿ ಸರ್ ಎಂದು ನನಗೆ ಫೋನ್ ಮಾಡಿದರು. 'ಕುಟುಂಬದ ಕಾರಣ' ಎಂದು ಬರೆಯಿರಿ, ಅದಕ್ಕಿಂತ ನಿಜ ಇನ್ನೇನಿದೆ ಎಂದೆ. ರೋಸ್ಟರ್ ಸಿಕ್ಕಿತು. ಅವರ ಮಗಳಿಗೆ ಈಗ ಹದಿನಾಲ್ಕು ತಿಂಗಳು. ತಾಯಿಗೆ ಸೋಂಕಿಲ್ಲ, ಮಗುವಿಗೂ ಇಲ್ಲ. ಪಿಆರ್ ಇನ್ನೂ ಬಂದಿಲ್ಲ.

ಬ್ರಿಸ್ಬೇನ್‌ನವರು ಮಗು ಬೇಡವೆಂದು ತೀರ್ಮಾನಿಸಿದ್ದಾರೆ. ಆಕೆಗೆ ಈಗ ನಲವತ್ತಮೂರು. "ಐದು ವರ್ಷ ಮುಂಚೆ ಯಾರಾದರೂ ಹೇಳಿದ್ದರೆ" ಎಂದರು, ಮಾತು ಮುಗಿಸಲಿಲ್ಲ. ಅಡಿಲೇಡ್‌ನವರು ವೈರಲ್ ಲೋಡಿನ ಎರಡನೇ ವರದಿಗೆ ಕಾಯುತ್ತಿದ್ದಾರೆ.

ಎಲ್ಲಿಗೆ ಹೋಗಬೇಕು? ಅಡಿಲೇಡ್‌ನಲ್ಲಿ ನಾರ್ತ್ ಟೆರೇಸ್ 275ರಲ್ಲಿರುವ ಅಡಿಲೇಡ್ ಸೆಕ್ಷುಯಲ್ ಹೆಲ್ತ್ ಸೆಂಟರ್. ಬ್ರಿಸ್ಬೇನ್‌ನಲ್ಲಿ ರೋಮಾ ಸ್ಟ್ರೀಟಿನ ಮೆಟ್ರೋ ನಾರ್ತ್ ಕ್ಲಿನಿಕ್. ಪರ್ತ್‌ನಲ್ಲಿ ರಾಯಲ್ ಪರ್ತ್ ಆಸ್ಪತ್ರೆ, ಫ್ರೀಮ್ಯಾಂಟಲ್‌ನವರಿಗೆ ಸೌತ್ ಟೆರೇಸ್ ಕ್ಲಿನಿಕ್. ಇಂಗ್ಲಿಷಿನಲ್ಲಿ ಇಂಥ ಮಾತು ಆಡಲು ಸಂಕೋಚವಾದರೆ ಭಾಷಾಂತರ ಸೇವೆ ಇದೆ, 131 450. ಕನ್ನಡದ ಭಾಷಾಂತರಕಾರರು ನಮ್ಮ ಪರಿಚಯದವರೇ ಆಗಿಬಿಟ್ಟರೆ ಎಂಬ ಭಯ ಸಹಜ. ಫೋನಿನಲ್ಲೇ ಸಾಕು, ಬೇರೆ ರಾಜ್ಯದವರು ಬೇಕು, ನನ್ನ ಹೆಸರು ಹೇಳಬೇಡಿ ಎಂದು ಮೊದಲೇ ಕೇಳಿಕೊಳ್ಳಬಹುದು. ಊರಿನಲ್ಲಿರುವ ಅಣ್ಣತಮ್ಮಂದಿರಿಗೆ ಬೇಕಾದರೆ ಭಾರತದ ಉಚಿತ ಸಹಾಯವಾಣಿ 1097.

ಹಿಂದಿನ ಬಾಗಿಲ ಬಳಿ, ಕಾಫಿ ಮೇಜಿನ ಪಕ್ಕದಲ್ಲಿ ಒಂದು ಕಟ್ಟು ಕಾಗದ ಇಟ್ಟಿದ್ದೇನೆ. ಮುಂದಿನ ಪುಟದಲ್ಲಿ ಈ ವರ್ಷದ ತೆರಿಗೆ ದಿನಾಂಕಗಳಿವೆ, ಹಿಂದಿನ ಪುಟದಲ್ಲಿ ಈಗ ಹೇಳಿದ ವಿಳಾಸಗಳು. ಎಲ್ಲರೂ ಒಂದೊಂದು ತೆಗೆದುಕೊಳ್ಳಿ. ಯಾರು ಯಾವ ಪುಟಕ್ಕಾಗಿ ಒಯ್ದರು ಎಂದು ಯಾರಿಗೂ ತಿಳಿಯುವುದಿಲ್ಲ. ಪ್ರಶ್ನೆ ಇರುವವರಿಗೆ ಅಲ್ಲೇ ಚೀಟಿಯ ಪೆಟ್ಟಿಗೆ ಇದೆ. ಹೆಸರು ಬರೆಯಬೇಡಿ. ಊಟವಾದ ಮೇಲೆ ನನಗೆ ಗೊತ್ತಿರುವಷ್ಟಕ್ಕೆ ಇಲ್ಲಿಂದಲೇ ಉತ್ತರ ಹೇಳುತ್ತೇನೆ. ಉಳಿದದ್ದನ್ನು ವೈದ್ಯರನ್ನು ಕೇಳಿ ನಮ್ಮ ಪತ್ರಿಕೆಯಲ್ಲಿ ಬರೆಯುತ್ತೇನೆ. ಜಿಎಸ್‌ಟಿ ಪ್ರಶ್ನೆಗಳನ್ನು ಮಾತ್ರ ದಯವಿಟ್ಟು ಆ ಪೆಟ್ಟಿಗೆಗೆ ಹಾಕಬೇಡಿ.